ಅಪ್ಪನ ಕಾಲದ ವೆಲ್ತ್ ಟ್ಯಾಕ್ಸ್ ಆರ್ಡರ್‌ನಲ್ಲಿರುವ ಬೆಲೆಗೆ ಷೇರು ಬಿಟ್ಟುಕೊಡಬಹುದಾ?

ಪ್ರಶ್ನೆ:
ನಮಸ್ಕಾರ ಸರ್. ಗಂಗಾವತಿ ಹತ್ತಿರ ನಮ್ಮ ತವರುಮನೆಯ ರೈಸ್ ಮಿಲ್ ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿ, ಷೇರುಪೇಟೆಯಲ್ಲಿ ಇಲ್ಲ. ಒಟ್ಟು 10,000 ಷೇರು, ಮುಖಬೆಲೆ 100 ರೂಪಾಯಿ. ಅಪ್ಪ 1984ರಲ್ಲಿ ತೆಗೆದುಕೊಂಡಿದ್ದ 1,000 ಷೇರು ವಿಲ್ ಪ್ರಕಾರ ನನ್ನ ಹೆಸರಿಗೆ ಬಂದಿದೆ. ಮಿಲ್ ನಡೆಸುವವರು ಇಬ್ಬರು ಅಣ್ಣಂದಿರು. ಇದುವರೆಗೆ ಡಿವಿಡೆಂಡ್ ಅಂತ ಒಂದು ರೂಪಾಯಿ ಬಂದಿಲ್ಲ. ಈಗ ಷೇರು ತಮಗೆ ಮಾಡಿಕೊಡು ಅನ್ನುತ್ತಿದ್ದಾರೆ. ಅಪ್ಪನ 1991-92ರ ವೆಲ್ತ್ ಟ್ಯಾಕ್ಸ್ ಆರ್ಡರ್ ತೋರಿಸಿದರು. ಅದರಲ್ಲಿ ಷೇರಿಗೆ 160 ರೂಪಾಯಿ ಹಾಕಿದೆ. "ಇದು ಸರ್ಕಾರವೇ ಕಟ್ಟಿದ ಬೆಲೆ. ಈಗಿನ ಬುಕ್ ವ್ಯಾಲ್ಯೂ 500, ನಾವು ಅಷ್ಟೂ ಕೊಡ್ತೀವಿ" ಅಂತ ಅಣ್ಣ ಹೇಳುತ್ತಾರೆ. 5 ಲಕ್ಷ ತೆಗೆದುಕೊಂಡು ಸಹಿ ಹಾಕಲೇ?

ಉತ್ತರ:
ಮೇಡಂ, ಸದ್ಯಕ್ಕೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಮೊದಲು ಆ ಆರ್ಡರ್ ವಿಷಯ. ವೆಲ್ತ್ ಟ್ಯಾಕ್ಸ್, ಅಂದರೆ ಒಬ್ಬರ ಆಸ್ತಿಪಾಸ್ತಿಯ ಬೆಲೆಯ ಮೇಲೆ ಹಾಕುತ್ತಿದ್ದ ತೆರಿಗೆ, ಈಗ ಇಲ್ಲವೇ ಇಲ್ಲ. 1957ರಲ್ಲಿ ಬಂದ ಕಾಯ್ದೆ ಅದು. 1993ರ ಏಪ್ರಿಲ್‌ನಿಂದ ಷೇರುಗಳನ್ನು ಅದರಿಂದ ಹೊರಗಿಟ್ಟರು. 2015ರ ಬಜೆಟ್‌ನಲ್ಲಿ ತೆರಿಗೆಯನ್ನೇ ತೆಗೆದುಹಾಕಿದರು. ಅದು ಇದ್ದಾಗ ನಿಮ್ಮಂಥ ಕಂಪನಿಯ ಷೇರಿಗೆ ಬೆಲೆ ಕಟ್ಟಲು ಒಂದು ಸೂತ್ರ ಇತ್ತು. ಬ್ಯಾಲೆನ್ಸ್ ಶೀಟ್‌ನ ಆಸ್ತಿಯಲ್ಲಿ ಸಾಲ ಕಳೆದು, ಷೇರುಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದರಲ್ಲಿ ಶೇ 80 ಹಿಡಿಯುವುದು. 1989ಕ್ಕೆ ಮುಂಚಿನ 1ಡಿ ನಿಯಮದಲ್ಲಿ ಇದು ಶೇ 85 ಇತ್ತು. ನಡೆಯುತ್ತಿರುವ ಕಂಪನಿಗೆ ಲಾಭ ನೋಡಿ ಬೆಲೆ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ 1972ರಲ್ಲಿ ಮಹದೇವ ಜಾಲಾನ್ ಪ್ರಕರಣದಲ್ಲಿ ಹೇಳಿತ್ತು. ಆದರೆ 1994ರಲ್ಲಿ ಭರತ್ ಹರಿ ಸಿಂಘಾನಿಯಾ ಪ್ರಕರಣದಲ್ಲಿ, ವೆಲ್ತ್ ಟ್ಯಾಕ್ಸ್ ಮಟ್ಟಿಗೆ ನಿಯಮದ ಸೂತ್ರವೇ ಕಡ್ಡಾಯ ಎಂದಿತು.

ಆ ಸೂತ್ರದಲ್ಲಿ ಜಮೀನನ್ನು ಪುಸ್ತಕದಲ್ಲಿ ಬರೆದ ಬೆಲೆಗೇ ಹಿಡಿಯುತ್ತಿದ್ದರು. ನಿಮ್ಮ ಅಣ್ಣ ಹೇಳುವ 500 ಕೂಡ ಜಮೀನನ್ನು ಹಾಗೆಯೇ ಹಿಡಿದು ಬಂದದ್ದು. ಮಿಲ್ ಜಾಗವನ್ನು ಯಾವಾಗ ಎಷ್ಟಕ್ಕೆ ಕೊಂಡರೋ ಅಷ್ಟೇ ಇವತ್ತಿಗೂ ಬ್ಯಾಲೆನ್ಸ್ ಶೀಟ್‌ನಲ್ಲಿ ಕೂತಿರುತ್ತದೆ.

ಇಂಥ ಷೇರಿಗೆ ಈಗ ಬೆಲೆ ಕಟ್ಟುವ ಆದಾಯ ತೆರಿಗೆ ನಿಯಮ 11ಯುಎ ಹಾಗಲ್ಲ. ಜಮೀನು, ಕಟ್ಟಡಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನ ಗೈಡೆನ್ಸ್ ವ್ಯಾಲ್ಯೂ ಹಾಕಬೇಕು. ಕರ್ನಾಟಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಅದನ್ನೂ ಏರಿಸಿದ್ದಾರೆ. ಇನ್ನೊಂದು ವಿಷಯ. ಷೇರು ವರ್ಗಾವಣೆ ಮಾಡುವ ದಿನಕ್ಕೇ ಬ್ಯಾಲೆನ್ಸ್ ಶೀಟ್ ತಯಾರಿಸಿ ಆಡಿಟ್ ಮಾಡಿಸಬೇಕು. ಹೋದ ಮಾರ್ಚ್‌ದು ನಡೆಯುವುದಿಲ್ಲ.

ಉದಾಹರಣೆಗೆ ಹೀಗಿಟ್ಟುಕೊಳ್ಳೋಣ. ಪುಸ್ತಕದಲ್ಲಿ ಜಮೀನು, ಗೋಡೌನ್ ಸೇರಿ 14 ಲಕ್ಷ. ಯಂತ್ರ 26 ಲಕ್ಷ. ಭತ್ತದ ದಾಸ್ತಾನು, ಬರಬೇಕಾದ ಬಾಕಿ, ಬ್ಯಾಂಕು ಎಲ್ಲ ಸೇರಿ 60 ಲಕ್ಷ. ಸಾಲ 50 ಲಕ್ಷ. ಉಳಿಯುವುದು 50 ಲಕ್ಷ, ಅಂದರೆ ಷೇರಿಗೆ 500. ಈಗ ಜಮೀನು, ಗೋಡೌನಿನ ಗೈಡೆನ್ಸ್ ವ್ಯಾಲ್ಯೂ 3 ಕೋಟಿ 14 ಲಕ್ಷ ಅಂತ ಬಂದರೆ ಉಳಿಯುವುದು ಮೂರೂವರೆ ಕೋಟಿ. ಷೇರಿಗೆ 3,500!

ಇದಕ್ಕಿಂತ ಕಡಿಮೆಗೆ ಮಾರಿದರೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 50ಸಿಎ ಬರುತ್ತದೆ. ನೀವು 5 ಲಕ್ಷ ತೆಗೆದುಕೊಂಡರೂ 35 ಲಕ್ಷ ಬಂತು ಅಂತಲೇ ಇಲಾಖೆ ಲೆಕ್ಕ ಹಾಕುತ್ತದೆ. ಅಪ್ಪ 2001ಕ್ಕೆ ಮುಂಚೆ ಕೊಂಡಿದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ನಿಮ್ಮ ಖರೀದಿ ಬೆಲೆಯಾಗಿ ತೋರಿಸಬಹುದು. ಅದು ಷೇರಿಗೆ 300 ಅಂತ ಬಂದರೆ, ಲಾಭ 32 ಲಕ್ಷ. ಶೇ 12.5ರಂತೆ 4 ಲಕ್ಷ, ಸೆಸ್ ಸೇರಿ 4.16 ಲಕ್ಷ ತೆರಿಗೆ. ಕೈಗೆ ಬಂದ 5 ಲಕ್ಷದಲ್ಲಿ ಉಳಿಯುವುದು 84 ಸಾವಿರ. ಅದೇ 35 ಲಕ್ಷಕ್ಕೆ ಮಾರಿದರೂ ತೆರಿಗೆ ಅಷ್ಟೇ, 4.16 ಲಕ್ಷ. ಇದನ್ನು ಅಣ್ಣಂದಿರ ಮುಂದೆ ಕಾಗದದ ಮೇಲೆ ಬರೆದು ತೋರಿಸಿ.

ನಾನು ಹೇಳಿದ ಸೆಕ್ಷನ್, ನಿಯಮದ ನಂಬರುಗಳು 1961ರ ಕಾಯ್ದೆಯ ಕಾಲದವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ, ಅದರಲ್ಲಿ ನಂಬರ್ ಬೇರೆ.

ಮರುಪ್ರಶ್ನೆ:
ಸರ್, ಓದಿ ಕೈಕಾಲೇ ಆಡಲಿಲ್ಲ. ನಮ್ಮ ಆಡಿಟರ್ "ತಂಗಿಯಿಂದ ಅಣ್ಣನಿಗೆ, ತೆರಿಗೆಯೇ ಇಲ್ಲ" ಅಂದಿದ್ದರಲ್ಲ? ಸುಮ್ನೆ ಗಿಫ್ಟ್ ಮಾಡಿಬಿಟ್ಟರೆ? ಆ ಹಳೇ ಆರ್ಡರ್ ಇನ್ನು ಯಾವುದಕ್ಕೂ ಬೇಡ್ವಾ?

ಉತ್ತರ:
ಅವರು ಹೇಳಿದ್ದು ಕೊಳ್ಳುವವರ ಕಡೆಯಿಂದ ನಿಜ. ಕಡಿಮೆ ಬೆಲೆಗೆ ಷೇರು ಸಿಕ್ಕರೆ ವ್ಯತ್ಯಾಸಕ್ಕೆ ಕೊಂಡವರು ತೆರಿಗೆ ಕಟ್ಟಬೇಕು, ಅದು ಸೆಕ್ಷನ್ 56(2)(x). ಒಡಹುಟ್ಟಿದವರಿಂದ ಬಂದರೆ ಅದಕ್ಕೆ ವಿನಾಯಿತಿ. ಆದರೆ ಮಾರುವವರಿಗೆ 50ಸಿಎಯಲ್ಲಿ ಅಂಥ ವಿನಾಯಿತಿ ಇಲ್ಲ. ಅಣ್ಣಂದಿರು ಪಾರು, ನೀವು ಸಿಕ್ಕಿಬೀಳುತ್ತೀರಿ.

ಗಿಫ್ಟ್ ಮಾಡಿದರೆ ಇಬ್ಬರಿಗೂ ಈಗ ತೆರಿಗೆ ಇಲ್ಲ, ನಿಜ. ಮನಸಾರೆ ಕೊಡುವುದಾದರೆ ಗಿಫ್ಟ್ ಡೀಡ್ ಬರೆದು, ಷೇರು ವರ್ಗಾವಣೆಯ ಎಸ್‌ಎಚ್-4 ಫಾರಂ ತುಂಬಿ ಕೊಡಿ. ಕಾಗದದಲ್ಲಿ ಗಿಫ್ಟ್, ಹಿಂದಿನಿಂದ 5 ಲಕ್ಷ ನಗದು ಅಂದರೆ ಮಾತ್ರ ಖಂಡಿತ ಒಪ್ಪಬೇಡಿ. ಅದು ಮಾರಾಟವೇ. ಜೊತೆಗೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳೂ ಷೇರುದಾರರಾಗಿದ್ದರೆ ಅವರಿಗೆ ಈ ವಿನಾಯಿತಿ ಸಿಗುವುದಿಲ್ಲ. ನಾವು ಅವರನ್ನು ಅಣ್ಣ ತಮ್ಮ ಅಂತಲೇ ಕಂಡರೂ ಕಾನೂನಿನ ಪಟ್ಟಿಯಲ್ಲಿ ಅವರಿಲ್ಲ.

ಹಳೇ ಆರ್ಡರ್ ಎಸೆಯಬೇಡಿ. ಅದರಲ್ಲಿರುವ 160 ರೂಪಾಯಿ 2001ರ ಬೆಲೆ ಅಲ್ಲ. ಆದರೆ 2001ಕ್ಕೆ ಮುಂಚೆಯೇ ಅಪ್ಪನ ಹೆಸರಲ್ಲಿ ಷೇರು ಇತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ದಾಖಲೆ ಸಿಗುವುದು ಕಷ್ಟ. 2001ರ ಬೆಲೆಗೆ ಆ ವರ್ಷದ ಬ್ಯಾಲೆನ್ಸ್ ಶೀಟ್, ಆಗಿನ ಗೈಡೆನ್ಸ್ ವ್ಯಾಲ್ಯೂ ಹುಡುಕಿ, ರಿಜಿಸ್ಟರ್ಡ್ ವ್ಯಾಲ್ಯುಯರ್ ಹತ್ತಿರ ವರದಿ ಮಾಡಿಸಿ. ಅದರಲ್ಲಿ ಹೆಚ್ಚಾಗುವ ಪ್ರತಿ ನೂರು ರೂಪಾಯಿಯೂ ನಿಮ್ಮ ತೆರಿಗೆ ಇಳಿಸುತ್ತದೆ.

ಇನ್ನೊಬ್ಬ ಸದಸ್ಯರು:
ನಾನಿರುವುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ದಾವಣಗೆರೆಯ ನಮ್ಮ ಮನೆ ಕಂಪನಿಯ ಶೇ 8 ಷೇರು ನನ್ನ ಹೆಸರಲ್ಲಿದೆ. ಇಲ್ಲಿ ವೆಲ್ತ್ ಟ್ಯಾಕ್ಸ್ ಇನ್ನೂ ಇದೆ. 11ಯುಎ ಬೆಲೆಯನ್ನೇ ತೋರಿಸಿದರೆ ಸಾಕಾ?

ಉತ್ತರ:
ಸಾಲದು ಸರ್. ಅಲ್ಲಿ ಪ್ರತಿ ಡಿಸೆಂಬರ್ 31ರ ಬೆಲೆ ತೋರಿಸಬೇಕು, ಹೊರದೇಶದ ಷೇರೂ ಸೇರುತ್ತದೆ. ಕ್ಯಾಂಟನ್‌ಗಳು (ಅಲ್ಲಿನ ರಾಜ್ಯಗಳು) ಅನುಸರಿಸುವುದು ಸ್ವಿಸ್ ಟ್ಯಾಕ್ಸ್ ಕಾನ್ಫರೆನ್ಸ್‌ನ 28ನೇ ಸುತ್ತೋಲೆ. ವ್ಯಾಪಾರ ಮಾಡುವ ಕಂಪನಿಯಾದರೆ ಲಾಭದ ಮೇಲೆ ಕಟ್ಟಿದ ಬೆಲೆಯನ್ನು ಎರಡು ಸಲ, ಆಸ್ತಿಯ ಬೆಲೆಯನ್ನು ಒಂದು ಸಲ ಕೂಡಿಸಿ ಮೂರರಿಂದ ಭಾಗಿಸುತ್ತಾರೆ. ಲಾಭದ್ದು 800, ಆಸ್ತಿಯದ್ದು 2,000 ಆದರೆ ಷೇರಿಗೆ 1,200. ನಿಮ್ಮಂತೆ ಸಣ್ಣ ಪಾಲಿದ್ದು, ತಕ್ಕ ಡಿವಿಡೆಂಡ್ ಬರದವರಿಗೆ ಶೇ 30 ಕಡಿತ ಕೇಳಲು ಅವಕಾಶವಿದೆ. ಆಗ 840. ಡಿವಿಡೆಂಡ್ ಬಂದಿಲ್ಲ ಎಂದು ಕಂಪನಿಯಿಂದ ಪತ್ರ ತರಿಸಿಕೊಂಡು, ಅಲ್ಲಿನ ತೆರಿಗೆ ಸಲಹೆಗಾರರಿಗೆ ಕೊಡಿ.

ಮೊದಲು ಕೇಳಿದವರು:
ಧನ್ಯವಾದ ಸರ್. ಅಣ್ಣನಿಗೆ ಲೆಕ್ಕ ಕಳಿಸಿದೆ. ಅವರಿಗೂ 50ಸಿಎ ಗೊತ್ತಿರಲಿಲ್ಲವಂತೆ. ಆದರೆ 3,500 ಕೊಡಲು ಆಗಲ್ಲ, ಡಿವಿಡೆಂಡೇ ಕೊಡದ ಷೇರಿಗೆ ಅಷ್ಟು ಯಾರು ಕೊಡ್ತಾರೆ ಅನ್ನುತ್ತಾರೆ.

ಉತ್ತರ:
ಅವರ ಮಾತಲ್ಲೂ ನ್ಯಾಯವಿದೆ. ಹೊರಗಿನವರು ಶೇ 10 ಪಾಲಿಗೆ ಅಷ್ಟು ಕೊಡಲಾರರು. ಆದರೆ ಕಡಿಮೆಗೆ ಮಾರಿದರೆ ನಿಮ್ಮ ತೆರಿಗೆ ಕಡಿಮೆಯಾಗಲ್ಲ. ಹಾಗಾಗಿ ತೆರಿಗೆ ಕಳೆದು ನಿಮ್ಮ ಕೈಗೆ ಎಷ್ಟು ಉಳಿಯಬೇಕು ಎಂದು ಮೊದಲು ಮಾತಾಡಿ, ಅಲ್ಲಿಂದ ಬೆಲೆಗೆ ಬನ್ನಿ. ಮಾರಲೇಬೇಕಾದ ಅವಸರವೂ ಇಲ್ಲ, ಅಲ್ವಾ? ಷೇರು ಇಟ್ಟುಕೊಂಡು ಡಿವಿಡೆಂಡ್ ಕೊಡಿ ಅಂತ ಕೇಳುವುದೂ ಒಂದು ದಾರಿ. ಯಾವ ದಾರಿಗಾದರೂ ಕಂಪನಿಯ ಆಡಿಟ್ ಆದ ಬ್ಯಾಲೆನ್ಸ್ ಶೀಟ್ ನಿಮ್ಮ ಕೈಲಿರಬೇಕು. ಷೇರುದಾರರಾಗಿ ಅದು ನಿಮ್ಮ ಹಕ್ಕು, 2013ರ ಕಂಪನಿ ಕಾಯ್ದೆಯ ಸೆಕ್ಷನ್ 136. ಇವತ್ತೇ ಲಿಖಿತವಾಗಿ ಕೇಳಿ.