ತಂಡದವರು ನನ್ನ ಹತ್ತಿರ ಮಾತಾಡಲು ಹಿಂಜರಿಯುತ್ತಾರಂತೆ. ನನ್ನ ತಪ್ಪು ನನಗೆ ಕಾಣುವುದು ಹೇಗೆ?

ಪ್ರಶ್ನೆ: ಆರು ತಿಂಗಳ ಹಿಂದೆ ಎಂಟು ಜನರ ತಂಡದ ಜವಾಬ್ದಾರಿ ನನಗೆ ಬಂತು. ಎಲ್ಲರ ಮಾತನ್ನೂ ಕೇಳುವವಳು ನಾನು ಅಂದುಕೊಂಡಿದ್ದೆ. ಮೊನ್ನೆ ಮೇಲಧಿಕಾರಿ, "ನಿಮ್ಮ ಹತ್ತಿರ ಮಾತಾಡೋಕೆ ತಂಡದವರು ಹಿಂದೇಟು ಹಾಕ್ತಾರೆ" ಎಂದರು. ತುಂಬಾ ನೋವಾಯಿತು. ಈ ಹಾದಿಯಲ್ಲಿ ಬಂದವರು ನಿಮ್ಮ ಅನುಭವ ಹೇಳಿ.

ಮೊದಲ ಉತ್ತರ: ನನಗೂ ಇದೇ ಆಗಿತ್ತು. ಕೆಲಸ ತಡವಾಗುತ್ತದೆ ಅಂತ ತಂಡಕ್ಕೆಲ್ಲ ಗೊತ್ತಿರುತ್ತಿತ್ತು. ನನಗೆ ಗೊತ್ತಾಗುತ್ತಿದ್ದುದು ಗಡುವಿನ ಹಿಂದಿನ ದಿನ. ಇವರಿಗೆ ಜವಾಬ್ದಾರಿಯೇ ಇಲ್ಲ ಅಂತ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಕೆಲಸ ಬಿಟ್ಟು ಹೊರಟ ಹುಡುಗಿಯೊಬ್ಬಳು ಕೊನೆಯ ದಿನ ಹೇಳಿದಳು: "ಸರ್, ನೀವು ಬೈಯಲ್ಲ. ಆದ್ರೆ ತೊಂದರೆ ಅಂದ ತಕ್ಷಣ ನಮ್ಮ ಕೈಯಿಂದ ಕೆಲಸ ಕಿತ್ಕೊಂಡು ನೀವೇ ಮಾಡ್ತೀರಿ. ಅದಕ್ಕೇ ಯಾರೂ ಹೇಳಲ್ಲ."

ನಾನು ಅದನ್ನು ಸಹಾಯ ಅಂದುಕೊಂಡಿದ್ದೆ.

ಆಮೇಲೆ ಎರಡು ವಾರ "ನಾನ್ಯಾಕೆ ಹೀಗೆ" ಅಂತ ಯೋಚಿಸಿದೆ. ಪ್ರಯೋಜನವಾಗಲಿಲ್ಲ. ಯಾಕೆ ಅಂತ ಕೇಳಿಕೊಂಡಾಗಲೆಲ್ಲ ಮನಸ್ಸು ಒಂದೊಂದು ಒಳ್ಳೆಯ ಕಾರಣ ಹುಡುಕಿ ಕೊಡುತ್ತಿತ್ತು: ಒತ್ತಡ ಜಾಸ್ತಿ, ಸಮಯ ಕಡಿಮೆ. ಅದನ್ನು ಬಿಟ್ಟು, ದಿನದ ಕೊನೆಗೆ ಮೂರೇ ಸಾಲು ಬರೆಯತೊಡಗಿದೆ. ಏನಾಯಿತು, ನಾನು ಏನು ಮಾಡಿದೆ, ಎದುರಿಗಿದ್ದವರು ಆಮೇಲೆ ಏನು ಮಾಡಿದರು. ನನ್ನ ಕಣ್ಣು ತೆರೆಸಿದ್ದು ಮೂರನೇ ಸಾಲು. ಒಂದು ತಿಂಗಳಲ್ಲಿ 11 ಸಲ ಬೇರೆಯವರ ಕೆಲಸಕ್ಕೆ ಕೈ ಹಾಕಿದ್ದೆ. ಅವರಾಗಿ ಕೇಳಿದ್ದು ಎರಡೇ ಸಲ. ಉಳಿದ ಸಲವೆಲ್ಲ ಅವರು ಸುಮ್ನೆ ಎದ್ದು ಹೋಗಿದ್ದರು.

ಈಗ ಯಾರಾದರೂ ತೊಂದರೆ ತಂದರೆ, "ಕೇಳಿಸಿಕೊಂಡರೆ ಸಾಕಾ, ನಾನೂ ಜೊತೆಗೆ ಕೂರಬೇಕಾ?" ಅಂತ ಮೊದಲು ಕೇಳುತ್ತೇನೆ. ಹಳೆಯ ಅಭ್ಯಾಸ ಪೂರ್ತಿ ಹೋಗಿಲ್ಲ. ಆದರೆ ಕೆಟ್ಟ ಸುದ್ದಿ ಈಗ ಬೇಗ ಬರುತ್ತದೆ.

ಎರಡನೇ ಉತ್ತರ: 1955ರಲ್ಲಿ ಜೋಸೆಫ್ ಲಫ್ಟ್, ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಚಿತ್ರ ಮಾಡಿದರು. ತಮ್ಮ ಮೊದಲ ಹೆಸರುಗಳನ್ನು (ಜೋ, ಹ್ಯಾರಿ) ಸೇರಿಸಿ ಅದಕ್ಕೆ 'ಜೋಹರಿ ಕಿಟಕಿ' ಎಂದು ಹೆಸರಿಟ್ಟರು. ಅದರಲ್ಲಿ ನಾಲ್ಕು ಮನೆಗಳು: ಎಲ್ಲರಿಗೂ ಗೊತ್ತಿರುವ ನಾನು, ನಾನು ಮುಚ್ಚಿಟ್ಟ ನಾನು, ಬೇರೆಯವರಿಗೆ ಮಾತ್ರ ಕಾಣುವ ನಾನು, ಯಾರಿಗೂ ಗೊತ್ತಿಲ್ಲದ ನಾನು. ನಿಮ್ಮ ಪ್ರಶ್ನೆ ಇರುವುದು ಮೂರನೇ ಮನೆಯಲ್ಲಿ. ಒಬ್ಬರೇ ಕೂತು ಎಷ್ಟು ಯೋಚಿಸಿದರೂ ಅದು ಕಾಣುವುದಿಲ್ಲ. ಕೇಳಲೇಬೇಕು.

ಕೇಳುವ ರೀತಿ ಮಾತ್ರ ಮುಖ್ಯ. "ನನ್ನಲ್ಲೇನು ತಪ್ಪಿದೆ?" ಅಂದರೆ "ಏನಿಲ್ಲ ಮೇಡಂ" ಅಂತಾರೆ, ಅಲ್ವಾ? "ನಿನ್ನೆ ಸಭೆಯಲ್ಲಿ ನಾನು ಮಾಡಿದ ಯಾವುದರಿಂದ ನಿಮ್ಮ ಕೆಲಸ ಕಷ್ಟವಾಯಿತು?" ಅಂತ ಕೇಳಿ ನೋಡಿ. ಉತ್ತರ ಬಂದ ಮೇಲೆ ದಯವಿಟ್ಟು ಸಮಜಾಯಿಷಿ ಕೊಡಬೇಡಿ. ಒಮ್ಮೆ ನಾನು ಕೊಟ್ಟೆ, ಅದೂ ತುಂಬಾ ಸಮಾಧಾನದಿಂದ. ಅವರು ಮತ್ತೆ ಎರಡು ವರ್ಷ ನನಗೆ ಏನೂ ಹೇಳಲಿಲ್ಲ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಮೂರನೇ ಉತ್ತರ: ಸಂಸ್ಥೆಗಳ ಆಡಳಿತದ ಬಗ್ಗೆ ಬರೆದ ಚಿಂತಕ ಪೀಟರ್ ಡ್ರಕರ್ ಹೇಳಿದ ಒಂದು ಅಭ್ಯಾಸ ನನಗೆ ತುಂಬಾ ನೆರವಾಗಿದೆ. ದೊಡ್ಡ ನಿರ್ಧಾರ ಮಾಡಿದಾಗ ಏನಾಗುತ್ತದೆ ಅಂತ ಬರೆದಿಟ್ಟು, 9ರಿಂದ 12 ತಿಂಗಳ ನಂತರ ತಾಳೆ ನೋಡುವುದು. ಜನರನ್ನು ಅಳೆಯುವುದರಲ್ಲಿ ನಾನು ಗಟ್ಟಿ ಅಂದುಕೊಂಡಿದ್ದೆ. ಚೆನ್ನಾಗಿ ಮಾತಾಡುವವರನ್ನೇ ನಾನು ನಂಬುತ್ತಿದ್ದೆ ಅಂತ ಆ ಹಾಳೆ ತೋರಿಸಿತು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಇವತ್ತು ತಂಡದ ಒಬ್ಬರನ್ನು ಹಾಗೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಮಾತಾಡುವಾಗ ನೀವು ಲ್ಯಾಪ್‌ಟಾಪ್ ನೋಡ್ತಾನೇ ಇರ್ತೀರಿ" ಎಂದರು. ನಾನು ಕೇಳಿಸಿಕೊಳ್ಳುತ್ತಲೇ ಇರುತ್ತೇನೆ ಅನ್ನುವ ಮಾತು ಬಾಯಿತನಕ ಬಂತು. ಹೇಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ. ಅವರು ಇನ್ನೂ ಅರ್ಧ ಗಂಟೆ ಮಾತಾಡಿದರು.