ವಸತಿಗೃಹಕ್ಕೆ ಆಧಾರ್ ಪ್ರತಿ ಕೊಡಲೇಬೇಕೇ?

ಪ್ರಶ್ನೆ: ಕಳೆದ ವಾರ ನಾವು ತಂಗಿದ್ದ ವಸತಿಗೃಹದವರು ಮನೆಮಂದಿಯೆಲ್ಲರ ಆಧಾರ್ ಕಾರ್ಡುಗಳ ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡರು. ಅವು ಯಾರ ಮೊಬೈಲಿನಲ್ಲಿ ಎಷ್ಟು ದಿನ ಉಳಿಯುತ್ತವೆ ಎಂದು ಕೇಳಿದರೆ ಉತ್ತರವಿಲ್ಲ. ಇದನ್ನು ತಪ್ಪಿಸಲು ದಾರಿಯಿದೆಯೇ?

ಉತ್ತರ 1: ಇದೆ. ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐನ ಜಾಲತಾಣದಿಂದ ಮಾಸ್ಕ್ಡ್ ಆಧಾರ್ ಇಳಿಸಿಕೊಂಡರೆ 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ. ಚಾಲನಾ ಪರವಾನಗಿಯನ್ನು ತೋರಿಸಿಯೂ ನೋಡಬಹುದು.

ಉತ್ತರ 2: ಅದು ಅರ್ಧ ರಕ್ಷಣೆಯಷ್ಟೇ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಒಟಿಪಿ ಇಲ್ಲದೆಯೇ ಹಣ ತೆಗೆಯಬಹುದಾದ್ದರಿಂದ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನೇ ನಕಲು ಮಾಡಿ ಖಾತೆ ಬರಿದು ಮಾಡಿದ ದೂರುಗಳು 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾಗಿದ್ದವು. ಆದ್ದರಿಂದ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡಿ. ನಾನು ತಾಯಿಯವರದ್ದಕ್ಕೆ ಲಾಕ್ ಹಾಕಿ ಮರೆತಿದ್ದೆ. ಪಾಪ, ಅವರು ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಮರಳಬೇಕಾಯಿತು. ಬೆರಳಚ್ಚು ಕೊಡುವ ಮುನ್ನ ಲಾಕ್ ತೆರೆಯಬೇಕು.

ಉತ್ತರ 3: ಪ್ರತಿ ಕೇಳಿದವರನ್ನು ಪ್ರಶ್ನಿಸಲು ಸಂಕೋಚ ಬೇಡ. ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೇ.

ಪ್ರಶ್ನಿಸಿದವರು: ಧನ್ಯವಾದಗಳು. ಲಾಕ್ ಹಾಕಿದೆ, ಚಿತ್ರಗಳನ್ನು ಅಳಿಸುವಂತೆ ಅವರಿಗೂ ಬರೆದಿದ್ದೇನೆ.