ಬ್ಯಾಸಗಿಯಲ್ಲಿ ಬಂದ್, ನಿಷೇಧಾಜ್ಞೆ: ಮನೆಯೊಳಗೆ ಏನೇನು ತಯಾರಿ ಇರಬೇಕು?

ಪ್ರಶ್ನೆ (ಶಹಾಬಜಾರ, ಕಲಬುರಗಿ):
ಎಲ್ಲರಿಗೂ ನಮಸ್ಕಾರ ರೀ. ಈ ಓಣಿಗೆ ಬಾಡಿಗೆಗೆ ಬಂದು ಎರಡು ತಿಂಗಳಾಯಿತು. ಎರಡು ಪಕ್ಷದವರಿಗೆ ಜಗಳ ಹತ್ತಿ, ನಾಡದು ಬಂದ್ ಅಂತ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಕೂಗಿ ಹೋದರು. ಆಮೇಲೆ ನಿಷೇಧಾಜ್ಞೆಯೂ ಬರಬಹುದು, ನೆಟ್ ಹೋಗಬಹುದು ಅಂತಾರೆ. ಮನೆಯಲ್ಲಿ ಆರು ಮಂದಿ. ಮಾವನವರಿಗೆ ಶುಗರ್, ದಿನಾ ಇನ್ಸುಲಿನ್. ಮಕ್ಕಳಿಗೆ ಸೂಟಿ. ಮೈದುನನಿಗೆ ಇದೇ ಭಾನುವಾರ ನೀಟ್. ಕೂಲರ್ ರಸ್ತೆ ಕಡೆಯ ಕಿಟಕಿಗೆ ಇದೆ. ಎರಡು ದಿನದಲ್ಲಿ ಏನೇನು ಮಾಡಿಟ್ಟುಕೊಳ್ಳಬೇಕು, ತಿಳಿದವರು ಹೇಳಿರಿ.

ಉತ್ತರ 1 (ವಕೀಲರು):
ಮೊದಲು ಬಂದ್ ಬೇರೆ, ನಿಷೇಧಾಜ್ಞೆ ಬೇರೆ, ಕರ್ಫ್ಯೂ ಬೇರೆ ಅನ್ನುವುದು ಗೊತ್ತಿರಲಿ. ಬಂದ್ ಸಂಘಟನೆಯವರ ಕರೆ, ಸಾಮಾನ್ಯವಾಗಿ ಬೆಳಗ್ಗೆ 6ರಿಂದ ಸಂಜೆ 6. ಅಂಗಡಿ, ಬಸ್ಸು ನಿಲ್ಲುತ್ತವೆ. ಹಾಲು, ಔಷಧಿಗೆ ಬಿಡುವುದು ವಾಡಿಕೆ. ನಿಷೇಧಾಜ್ಞೆ ಸರ್ಕಾರದ ಆದೇಶ. ನಗರದಲ್ಲಿ ಅದನ್ನು ಪೊಲೀಸ್ ಆಯುಕ್ತರು ಹೊರಡಿಸುತ್ತಾರೆ. ಹೆಚ್ಚಾಗಿ ಅದರಲ್ಲಿ ಐದು ಅಥವಾ ಹೆಚ್ಚು ಮಂದಿ ಗುಂಪು ಸೇರಬಾರದು ಅಂತಿರುತ್ತದೆ; ಒಬ್ಬರೇ ಹೋಗಿ ಕಾಯಿಪಲ್ಯ ತರಲು ಅಡ್ಡಿಯಿಲ್ಲ. ಕರ್ಫ್ಯೂ ಹಾಕಿದರೆ ಮಾತ್ರ ಸಡಿಲಿಕೆಯ ಹೊತ್ತು ಬಿಟ್ಟು ಹೊರಗೆ ಕಾಲಿಡುವಂತಿಲ್ಲ.

ಆದೇಶದ ಪ್ರತಿ ಕೈಗೆ ಬಂದರೆ ಪೂರ್ತಿ ಓದಿರಿ. ಯಾವ ಠಾಣೆಗಳ ವ್ಯಾಪ್ತಿ, ಯಾವ ತಾಸಿನಿಂದ ಯಾವ ತಾಸಿನವರೆಗೆ, ಮದುವೆ, ಶವಸಂಸ್ಕಾರ, ಪರೀಕ್ಷೆಗೆ ವಿನಾಯಿತಿ ಇದೆಯೇ ಎಲ್ಲ ಅದರಲ್ಲೇ ಇರುತ್ತದೆ. ಹಿಂದಿನ ವರ್ಷಗಳ ಆದೇಶವನ್ನು ಹೊಸದೆಂದು ವಾಟ್ಸಾಪಿನಲ್ಲಿ ತಿರುಗಿಸುವುದು ಬಹಳ. ಗುರುತಿಸಲು ಒಂದು ದಾರಿ ಇದೆ: 2024ರ ಜುಲೈ 1ರಿಂದ ನಿಷೇಧಾಜ್ಞೆಗೆ ಬಳಸುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ ಹೋಗಿ, ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಬಂದಿದೆ. ಮಾತಿನಲ್ಲಿ ಎಲ್ಲರೂ ಇನ್ನೂ 144 ಅಂತಾರೆ, ಆದರೆ ಆದೇಶದ ಪ್ರತಿಯಲ್ಲಿಯೇ ಬರೀ 144 ಅಂತಿದ್ದರೆ ಅದು ಹಳೆಯದು. ಯಾರಿಗೂ ಮುಂದೆ ಕಳಿಸಬೇಡಿ.

ಉತ್ತರ 2 (ಬ್ರಹ್ಮಪುರದ ಹಿರಿಯ ಗೃಹಿಣಿ):
ತಂಗಿ, ಮೊದಲು ನೀರಿನ ಲೆಕ್ಕ ಹಾಕು. ಈ ಬಿಸಲಾಗ ಕುಡಿಯಾಕಷ್ಟೇ ಒಬ್ಬರಿಗೆ ದಿನಕ್ಕ 4 ಲೀಟರ್ ಹಿಡಿ. ಆರು ಮಂದಿಗೆ ಮೂರು ದಿನಕ್ಕ 72 ಲೀಟರ್, ಅಂದ್ರ 20 ಲೀಟರಿನ ನಾಲ್ಕು ಕ್ಯಾನ್. ಅಡಗಿ, ಭಾಂಡಿ, ಸಂಡಾಸಕ್ಕ ಬ್ಯಾರೆ. ಬಂದ್ ದಿನ ಟ್ಯಾಂಕರಿನವರು ಗಾಡಿ ತಗಿಯೂದಿಲ್ಲ, ಕ್ಯಾನಿನವರೂ ಬರೂದಿಲ್ಲ, ಅದಕ್ಕ ನಾಳೆನೇ ಫೋನ್ ಮಾಡು. ನಳ ಬಿಡೂ ಪಾಳಿ ಬಂದ್ ದಿನಾನೇ ಬಿತ್ತಂದ್ರ ನೀರು ಬಂದಾವು, ಆದ್ರ ಆ ಹೊತ್ತಿಗೆ ಕರೆಂಟ್ ಇಲ್ಲಂದ್ರ ಮೋಟರ್ ನಡಿಯಂಗಿಲ್ಲ. ಕೆಳಗ ನಳದ ಬಾಯಿಗೆ ಹಚ್ಚಾಕ ಒಂದು ಪೈಪ್, ಎರಡು ಡ್ರಮ್ ಇಟ್ಕೋ.

ಊಟಕ್ಕ ಖಡಕ್ ರೊಟ್ಟಿ ಇದ್ರ ಗ್ಯಾಸ್ ಉಳಿತದ, ಒಲಿ ಮುಂದ ಬೇಯೂದೂ ತಪ್ಪತದ. ಹಂಚಿನ ಮ್ಯಾಲಿಂದ ತಗದ ಮ್ಯಾಗ ಸಣ್ಣ ಉರಿಗೆ ಪೂರ್ತಿ ಒಣಗಸಬೇಕು. ನಡುವ ಒತ್ತಿ ನೋಡಿದ್ರ ಮೆತ್ತಗಿರಬಾರದು, ಟಕ್ ಅಂತ ಮುರೀಬೇಕು. ಅರಿವ್ಯಾಗ ಸುತ್ತಿ ಬುಟ್ಟಿಯೊಳಗ ಇಡು, ಆದ್ರ ಕೂಲರ್ ಇರೂ ಖೋಲ್ಯಾಗ ಮಾತ್ರ ಇಡಬ್ಯಾಡ. ಆ ಹಸಿ ಗಾಳಿಗೆ ಎರಡು ದಿನದಾಗ ಮೆತ್ತಗಾಗಿ ಬೂಸ್ಟು ಹಿಡಿತಾವ. ಜ್ವಾಳದ ಹಿಟ್ಟು ಹತ್ತು ದಿನಕ್ಕಿಂತ ಹೆಚ್ಚು ಬೀಸಿಸಿ ಇಡಬ್ಯಾಡ. ಬ್ಯಾಸಗ್ಯಾಗ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಬಡಿಯೂ ಮುಂದ ಸೀಳತದ, ಕಹಿನೂ ಆಗತದ. ಶೇಂಗಾ ಹಿಂಡಿ, ಅಗಸಿ ಹಿಂಡಿ ಇದ್ರ ಕಾಯಿಪಲ್ಯ ಇಲ್ಲಂದ್ರೂ ನಡಿತದ. ತೊಗರಿ ಬ್ಯಾಳಿ ನಮ್ಮೂರಾಗ ಎಲ್ಲರ ಮನ್ಯಾಗೂ ಇರತದ, ಅದರ ಚಿಂತಿ ಬ್ಯಾಡ. ಹಾಲಿಗೆ ಟೆಟ್ರಾ ಪ್ಯಾಕ್ ನಾಲ್ಕು ತಂದಿಡು. ಒಡಿಯೂತನಾ ಫ್ರಿಜ್ ಬೇಕಾಗೂದಿಲ್ಲ.

ಉತ್ತರ 3 (ಕೂಲರ್, ಇನ್ವರ್ಟರ್ ರಿಪೇರಿಯವರು):
ಅಕ್ಕಾರ, ನಿಮ್ಮ ಕೂಲರ್ ರಸ್ತೆ ಕಡೆ ಅದ ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಕೂಲರ್ ಅಂದ್ರ ಹೊರಗಿನ ಗಾಳಿ ಎಳದು, ತೊಯ್ದ ಹುಲ್ಲಿನೊಳಗ ಹಾಯಿಸಿ ಒಳಗ ಊದೂ ಮಷೀನ್. ರಸ್ತ್ಯಾಗ ಟೈರ್ ಸುಟ್ರ, ಅಶ್ರುವಾಯು ಬಿಟ್ರ, ಆ ಹೊಗಿನೂ ಎಳದು ನಿಮ್ಮ ಹಾಸಗಿ ಮ್ಯಾಲ ಹಾಕತದ. ಗದ್ದಲ ಶುರು ಆದ ಕೂಡಲೇ ಪಂಪ್ ಅಷ್ಟೇ ಅಲ್ಲ, ಫ್ಯಾನೂ ಬಂದ್ ಮಾಡ್ರಿ, ಮುಂದ ತೊಯ್ದ ಚಾದರ ಇಳಿಬಿಡ್ರಿ. ಆಗುವಂಗಿದ್ರ ನಾಳೆನೇ ಕೂಲರ್ ತಗದು ಹಿಂದಿನ ಕಿಟಕಿಗೆ ಕೂಡಸ್ರಿ, ಸ್ಟ್ಯಾಂಡ್ ಇದ್ರ ಅರ್ಧ ತಾಸಿನ ಕೆಲಸ.

ಎರಡನೇ ತಪ್ಪು ಏನಂದ್ರ, ಭಯಕ್ಕ ಎಲ್ಲಾ ಕಿಟಕಿ ಬಾಗಲಾ ಹಾಕಿ ಕೂಲರ್ ಹಚ್ಚೂದು. ಒಳಗ ಬಂದ ಗಾಳಿ ಹೊರಗ ಹೋಗಾಕ ದಾರಿ ಇಲ್ಲಂದ್ರ ಹದಿನೈದು ಮಿನಿಟಿನಾಗ ಖೋಲಿ ತುಂಬ ಹಸಿ ಗಾಳಿ ನಿಂತು ಮೈ ಅಂಟಂಟ ಆಗತದ, ತಂಪು ಹತ್ತೂದಿಲ್ಲ. ಕೂಲರಿನ ಎದರಿಗಿನ ಕಿಟಕಿ ಒಂದು ಗೇಣು ತೆರದಿರಬೇಕು. ಒಂದು ಕಾಗದ ಹಿಡದು ನೋಡ್ರಿ, ಹೊರಗಿನ ಕಡಿಗೆ ಬಾಗಿದ್ರ ಸರಿ ಅದ.

ಕೂಲರ್ ತಾಸಿಗೆ ನಾಲ್ಕೈದು ಲೀಟರ್ ನೀರು ಕುಡಿತದ. ನೀರು ಕಡಿಮಿ ಇದ್ರ ಮಧ್ಯಾಹ್ನ 12ರಿಂದ 5ರ ತನಕ ಅಷ್ಟೇ ಹಚ್ಚಿ, ಎಲ್ಲರೂ ಒಂದೇ ಖೋಲ್ಯಾಗ ಕೂಡ್ರಿ. ಇನ್ವರ್ಟರಿಗೆ 150 ಎಎಚ್ ಬ್ಯಾಟರಿ ಇದ್ರ ಎರಡು ಫ್ಯಾನ್, ಮೂರು ಬಲ್ಬು ಏಳೆಂಟು ತಾಸು ನಡೀತಾವ, ಮೂರು ವರ್ಷ ಹಳೇದಿದ್ರ ನಾಲ್ಕೈದು. ಅದರ ಮ್ಯಾಲ ಕೂಲರೂ ಹಚ್ಚಿದ್ರ ಅರ್ಧಕ್ಕ ಬರತದ. ಬ್ಯಾಟರಿ ನೀರು ಇವತ್ತೇ ನೋಡ್ರಿ, ಡಿಸ್ಟಿಲ್ಡ್ ವಾಟರ್ ಬಿಟ್ಟು ನಳದ ನೀರು ಹಾಕಬ್ಯಾಡ್ರಿ. ಕರೆಂಟ್ ಹೋದ್ರ ಜೆಸ್ಕಾಂ 1912. ಆದ್ರ ಗಲಭೆ ಇದ್ದ ಕಡೆ ಲೈನ್‌ಮನ್ ಕೂಡಲೇ ಬರಾಕ ಆಗೂದಿಲ್ಲ, ಅದನ್ನ ಹಿಡದೇ ಲೆಕ್ಕ ಹಾಕ್ರಿ. ಆರ್‌ಒದಿಂದ ಹೊರಗ ಹೋಗೂ ನೀರು ಹಿಡದು ಕೂಲರಿಗೆ ಹಾಕಿದ್ರೂ ನಡಿತದ.

ಉತ್ತರ 4:
ಅಣ್ಣಾರ, ಕಡೀ ಮಾತು ಒಪ್ಪೂದಿಲ್ಲ. ಆ ನೀರಿನಾಗ ಉಪ್ಪು ಜಾಸ್ತಿ, ವಾರದಾಗ ಹುಲ್ಲಿನ ಮ್ಯಾಲ ಬಿಳಿ ಸುಣ್ಣದಂಗ ಕಟ್ಟಿ ಗಾಳಿ ತಡಿತದ. ಅದನ್ನ ಸಂಡಾಸಕ್ಕ, ನೆಲಾ ಒರಸಾಕ ಇಟ್ಕೊಂಡ್ರ ಛಲೋ.

ಉತ್ತರ 5 (ಮೆಡಿಕಲ್ ಅಂಗಡಿಯವರು):
ಇನ್ಸುಲಿನ್ ವಿಷಯ. ಒಡೆಯದ ಬಾಟ್ಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ. ಬಳಸುತ್ತಿರುವುದನ್ನು ನಾಲ್ಕು ವಾರ ಹೊರಗಿಡಬಹುದು ಅಂತಾರಲ್ಲ, ಅದು ಹೆಚ್ಚೆಂದರೆ 30 ಡಿಗ್ರಿ ಇರುವ ಕೋಣೆಗೆ ಹೇಳಿದ ಮಾತು. ಮೇ ತಿಂಗಳಲ್ಲಿ ಇಲ್ಲಿನ ಕೋಣೆ ಹಾಗಿರುವುದಿಲ್ಲ. ಕರೆಂಟ್ ಹೋದರೆ ಹೀಗೆ ಮಾಡಿ: ಅಗಲ ಬಾಯಿಯ ಮಣ್ಣಿನ ಗಡಿಗೆಯಲ್ಲಿ ನಾಲ್ಕು ಬೆರಳು ಉಸುಕು ಹಾಕಿ, ಒಳಗೆ ಸಣ್ಣ ಗಡಿಗೆ ಕೂರಿಸಿ, ಸುತ್ತಲೂ ಉಸುಕು ತುಂಬಿ ನೀರು ಹನಿಸಿ. ಬಾಟ್ಲಿಯನ್ನು ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿಟ್ಟು ಸಣ್ಣ ಗಡಿಗೆಯೊಳಗೆ ಇಡಿ, ಮೇಲೆ ಹಸಿ ಬಟ್ಟೆ. ಗಾಳಿ ಆಡುವ ನೆರಳಿನಲ್ಲಿರಲಿ, ಉಸುಕು ಒಣಗದಂತೆ ದಿನಕ್ಕೆ ಎರಡು ಸಲ ನೀರು. ನಮ್ಮದು ಒಣ ಹವೆ, ಆದ್ದರಿಂದ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬರ್ಫಕ್ಕೆ ತಾಗಿಸಿ ಇಡಲೇಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸುವಂತಿಲ್ಲ. ತಿಳಿಯಾಗಿರಬೇಕಾದ್ದು ಮಬ್ಬಾಗಿದ್ದರೆ ಅದನ್ನೂ ಚೆಲ್ಲಿ.

ಹದಿನೈದು ದಿನದ ಗುಳಿಗೆ ಇವತ್ತೇ ತನ್ನಿ. ವೈದ್ಯರ ಚೀಟಿ ಕಾಗದದಲ್ಲೇ ಕಿಸೆಯಲ್ಲಿರಲಿ, ನಾಕಾಬಂದಿಯಲ್ಲಿ ತೋರಿಸಲು ಅದೇ ಆಧಾರ. ಓಣಿಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇದ್ದರೆ ತಾರೀಖು ಬರೆದ ಪತ್ರವನ್ನು ಆಸ್ಪತ್ರೆಯಿಂದ ಮೊದಲೇ ತೆಗೆದುಕೊಳ್ಳಲು ಹೇಳಿ.

ಓಆರ್‌ಎಸ್ ದೊಡ್ಡ ಪೊಟ್ಟಣ 1 ಲೀಟರಿಗೆ, ಸಣ್ಣದು 200 ಎಂಎಲ್‌ಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕುವ ತಪ್ಪು ಬಹಳ ಆಗುತ್ತದೆ, ಅದು ಮಕ್ಕಳಿಗೆ ಅಪಾಯ. ಕಲಸಿದ್ದು 24 ತಾಸಿಗೆ ಮುಗಿಯಬೇಕು. ನಿಮ್ಮ ಮಾವನವರಿಗೆ ಬಾಯಾರಿಕೆಗೆಲ್ಲ ಅದನ್ನೇ ಕೊಡಬೇಡಿ, ಅದರಲ್ಲಿ ಸಕ್ಕರೆ ಇದೆ. ನೀರು, ತಿಳಿ ಮಜ್ಜಿಗೆ ಸಾಕು.

ಯಾರಾದರೂ ಮೈ ಕಾದು ಮಾತು ತೊದಲಿಸಿದರೆ, ಗುರುತು ಹಿಡಿಯದಿದ್ದರೆ ಅದು ಬಿಸಿಲಿನ ಹೊಡೆತ. ಮೊದಲು 108. ಗಾಡಿ ಬರುವತನಕ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಹಸಿ ಬಟ್ಟೆ ಇಟ್ಟು ಗಾಳಿ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಕರ್ಫ್ಯೂ ಸಡಿಲಿಕೆ ಮಧ್ಯಾಹ್ನ ಬಿದ್ದರೆ ಸಾಲಿನಲ್ಲಿ ನಿಂತವರಿಗೇ ಹೀಗಾಗುತ್ತದೆ. ಗಟ್ಟಿಮುಟ್ಟಾದ ಒಬ್ಬರು ಮಾತ್ರ ಹೋಗಲಿ, ತಲೆಗೆ ಹಸಿ ಟವಲ್, ಕೈಯಲ್ಲಿ ನೀರಿನ ಬಾಟ್ಲಿ ಇರಲಿ.

ಉತ್ತರ 6 (ಬ್ಯಾಂಕ್ ಉದ್ಯೋಗಿ):
ಮೊಬೈಲ್ ನೆಟ್ ನಿಂತರೆ ಫೋನ್‌ಪೇ ನಿಲ್ಲುತ್ತದೆ, ಅಂಗಡಿಯ ಕಾರ್ಡ್ ಮಷೀನ್ ಕೂಡ ಹೆಚ್ಚಾಗಿ ನಿಲ್ಲುತ್ತದೆ, ಯಾಕಂದರೆ ಅದರೊಳಗೂ ಸಿಮ್ಮೇ ಇದೆ. 10, 20, 50, 100ರ ನೋಟುಗಳಲ್ಲಿ ಎರಡು ಮೂರು ಸಾವಿರ ಇಟ್ಟುಕೊಳ್ಳಿ. 500ಕ್ಕೆ ಚಿಲ್ಲರೆ ಯಾರೂ ಕೊಡುವುದಿಲ್ಲ. ಕರೆ ಹೋಗುತ್ತಿದ್ದರೆ *99# ಒತ್ತಿ ನೆಟ್ ಇಲ್ಲದೆಯೂ ಹಣ ಕಳಿಸಬಹುದು, ಒಂದು ಸಲಕ್ಕೆ 5,000 ರೂಪಾಯಿವರೆಗೆ. ಖಾತೆಗೆ ಜೋಡಿಸಿದ ನಂಬರಿನಿಂದಲೇ ಒತ್ತಬೇಕು. ಇವತ್ತೇ ಒಮ್ಮೆ ಬ್ಯಾಲೆನ್ಸ್ ನೋಡಿ ರೂಢಿ ಮಾಡಿಕೊಳ್ಳಿ.

ಉತ್ತರ 7 (ಪಿಯು ಉಪನ್ಯಾಸಕರು):
ನೀಟ್ ಪ್ರವೇಶಪತ್ರ ಈಗಲೇ ಮೂರು ಪ್ರತಿ ಪ್ರಿಂಟ್ ತೆಗೆಸಿರಿ. ನೆಟ್ ಹೋದ ಮೇಲೆ ಯಾವ ಝೆರಾಕ್ಸ್ ಅಂಗಡಿಯಲ್ಲೂ ಆಗುವುದಿಲ್ಲ. ಒಂದು ಹುಡುಗನ ಹತ್ತಿರ, ಒಂದು ಕರೆದೊಯ್ಯುವವರ ಹತ್ತಿರ, ಒಂದು ಮನೆಯಲ್ಲಿ. ಪರೀಕ್ಷೆ ಮಧ್ಯಾಹ್ನ 2ಕ್ಕಾದರೂ ಗೇಟು 1:30ಕ್ಕೇ ಮುಚ್ಚುತ್ತಾರೆ, ಒಂದು ನಿಮಿಷವೂ ಬಿಡುವುದಿಲ್ಲ. ಸೂಪರ್ ಮಾರ್ಕೆಟ್, ಜಗತ್ ವೃತ್ತದ ಕಡೆ ಬ್ಯಾರಿಕೇಡ್ ಹಾಕಿದರೆ ಸುತ್ತು ಹೊಡೆಯಬೇಕಾಗುತ್ತದೆ, ಶನಿವಾರವೇ ಆ ಬಳಸು ದಾರಿಯಲ್ಲಿ ಗಾಡಿ ಓಡಿಸಿ ನೋಡಿರಿ. ಪರೀಕ್ಷಾ ಕೇಂದ್ರದ ಹತ್ತಿರ ನೆಂಟರ ಮನೆ ಇದ್ದರೆ ಹಿಂದಿನ ರಾತ್ರಿಯೇ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ ರೀ. ಕೂಲರ್ ಹಿಂದಿನ ಕಿಟಕಿಗೆ ಹಾಕಿಸಿದೆವು. ಇನ್ನೊಂದು ಕೇಳಬೇಕಿತ್ತು: ರಾತ್ರಿ ಮಾಳಗಿ ಮೇಲೆ ಮಲಗಬಹುದೇ? ಮಕ್ಕಳು ಕೆಳಗೆ ನಿದ್ದೆ ಮಾಡುವುದಿಲ್ಲ.

ಉತ್ತರ 8 (ಬ್ರಹ್ಮಪುರದ ಹಿರಿಯ ಗೃಹಿಣಿ):
ಬಂದ್ ಅಷ್ಟೇ ಇದ್ರ ಮಲಗ್ರಿ. ಓಣ್ಯಾಗ ಕಲ್ಲು ತೂರಾಟ ಆಗಿದ್ರ ಎರಡು ರಾತ್ರಿ ಬ್ಯಾಡ. ನಡುವಿನ ಖೋಲ್ಯಾಗ ಫರಸಿ ಮ್ಯಾಲ ನೀರು ಹೊಡದು, ಒರಸಿ, ಚಾಪಿ ಹಾಸು. ಹಗಲೆಲ್ಲ ಕಾದ ಮಾಳಗಿಗೆ ಸಂಜೆ ಆರಕ್ಕ ಎರಡು ಕೊಡ ನೀರು ಹೊಡದ್ರ ಕೆಳಗಿನ ಖೋಲಿನೂ ರಾತ್ರಿ ಹತ್ತರೊಳಗ ತಣ್ಣಗಾಗತದ. ಮಾಳಗಿ ಮ್ಯಾಲ ಮನಿ ಕಟ್ಟಿ ಉಳದ ಇಟ್ಟಂಗಿ, ಕಲ್ಲಿನ ಚೂರು ಬಿದ್ದಿದ್ರ ನಾಳೆನೇ ಕೆಳಗ ಇಳಸಿ ಹಿತ್ತಲಿಗೆ ಹಾಕಸು. ಪೊಲೀಸರು ಡ್ರೋನ್ ಹಾರಿಸಿ ಮಾಳಗಿ ಮಾಳಗಿ ನೋಡ್ತಾರ, ಬಾಡಗಿ ಮನ್ಯಾಗ ಇದ್ದವರಿಗೆ ಆ ಕಲ್ಲು ಯಾರವು ಅಂತ ಹೇಳೂದು ಕಷ್ಟ ಆಗತದ. ಮಾಲಕರಿಗೂ ಒಂದು ಮಾತು ತಿಳಸಿ ಬಿಡು ತಂಗಿ.